ಹೂಂಗುಟ್ಟುವ ಗೋಡೆ

ನಮ್ಮ ಮನೆಯಲ್ಲಿ ಕಥೆ ಕೇಳುವವರಿಗೆ ಇದ್ದುದು ಒಂದೇ ಕಟ್ಟಳೆ. ಹೂಂ ಅನ್ನಬೇಕು. ಅಜ್ಜಿ ಒಂದು ಮಾತು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಮ್ಮ ಹೂಂ ಅವಳ ಕಿವಿಗೆ ಬೀಳಬೇಕು. ಬೀಳದಿದ್ದರೆ, ರಾಜಕುಮಾರಿ ಹಾವಿನ ಹೆಡೆಯ ಕೆಳಗೆ ನಿಂತಿದ್ದರೂ ಸರಿಯೇ, ಅವಳು ಅಲ್ಲೇ ನಿಂತಿರುತ್ತಿದ್ದಳು. ಅಜ್ಜಿ ಮಗ್ಗುಲು ಬದಲಿಸಿ ಮಲಗಿಬಿಡುತ್ತಿದ್ದಳು. ನಿದ್ದೆಗಣ್ಣಿನಲ್ಲೇ ಹೂಂಗುಡುವ ಕಳ್ಳವಿದ್ಯೆಯನ್ನು ನಾನೂ ಅಕ್ಕನೂ ಬೇಗ ಕಲಿತೆವು. ಅಜ್ಜಿ ಅದಕ್ಕೂ ಮದ್ದು ಇಟ್ಟುಕೊಂಡಿದ್ದಳು.

"ಆಮೇಲೆ ರಾಜ ತನ್ನ ತಲೇನೇ ಕುಯ್ದು, ಹುರಿದು, ತಾನೇ ತಿಂದ," ಅನ್ನುತ್ತಿದ್ದಳು.

"ಹೂಂ," ಅನ್ನುತ್ತಿದ್ದೆವು.

ತೊಡೆಯ ಮೇಲೆ ಚಿವುಟು ಬೀಳುತ್ತಿತ್ತು. "ಯಾವ ಬಾಯಿಂದ ತಿಂದನೇ, ಕಳ್ಳಿ?"

ನಾವು ದೊಡ್ಡವರಾದೆವು. ಅಮ್ಮ ತೀರಿಕೊಂಡಳು. ಅಜ್ಜಿಯ ಕಣ್ಣಿಗೆ ಮಂಜು ಕವಿಯಿತು. ಹೂಂ ಅನ್ನಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲವಾದಾಗ ಅಜ್ಜಿ ಗೋಡೆಗೆ ಕಥೆ ಹೇಳತೊಡಗಿದಳು.

ಆ ಗೋಡೆ ಹೂಂ ಅನ್ನುತ್ತಿತ್ತು.

ಹಿಂದಿನ ಕೋಣೆಯ ಗೋಡೆ ಅದು. ಹಾಗೆ ನೋಡಿದರೆ ಗೋಡೆಯಲ್ಲ, ಬೆಟ್ಟವೇ. ಕೆರೆಯ ದಂಡೆಯ ಜಾಗವೆಲ್ಲ ಲಾಡ್ಜುಗಳ ಪಾಲಾದ ಮೇಲೆ ನಮ್ಮ ಊರು ಬೆಟ್ಟ ಹತ್ತತೊಡಗಿತ್ತು. ಮೊದಲು ಹತ್ತಿದವರಲ್ಲಿ ಅಪ್ಪನೂ ಒಬ್ಬ. ಅವನು ಗಾರೆ ಮೇಸ್ತ್ರಿ. ಬೆಟ್ಟದ ಪಕ್ಕೆಯನ್ನು ಕಡಿದು ಸಮ ಮಾಡಿ, ಕಡಿದ ಜಾಗಕ್ಕೆ ಕಲ್ಲು ಒಟ್ಟಿ, ಸಿಮೆಂಟು ಮೆತ್ತಿ, ಅದನ್ನೇ ಹಿಂದಿನ ಗೋಡೆ ಮಾಡಿಕೊಂಡ. ಕಡಿಯುವಾಗ ಅಲ್ಲೊಂದು ಒರತೆ ಸಿಕ್ಕಿತು. ಅಪ್ಪ ಅದರ ಬಾಯಿಗೆ ಪೈಪು ಕೊಟ್ಟು, ಸುತ್ತ ಬಿಗಿದು, ನೀರನ್ನು ಅಡುಗೆಮನೆಯ ತೊಟ್ಟಿಗೆ ಇಳಿಸಿದ. ಇಡೀ ಓಣಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವಾಗ ನಮ್ಮ ಮನೆಗೆ ಬೆಟ್ಟವೇ ನೀರು ತಂದು ಕೊಡುತ್ತಿತ್ತು. ಪೈಪಿನೊಳಗೆ ನೀರು ತಡೆದು ತಡೆದು ಬರುವಾಗ ಗೋಡೆಯ ಒಳಗಿಂದ ಒಂದು ದನಿ ಹೊರಡುತ್ತಿತ್ತು. ಹೂಂ. ಸ್ವಲ್ಪ ಬಿಟ್ಟು ಮತ್ತೆ, ಹೂಂ.

"ಪೈಪಲ್ಲಿ ಗಾಳಿ ಕಣಮ್ಮಾ ಅದು," ಅಂತ ಅಪ್ಪ ನಗುತ್ತಿದ್ದ.

"ಗಾಳಿನೋ ಗೂಳಿನೋ, ನಿನಗಿಂತ ವಾಸಿ. ಹೊಟ್ಟೇಲಿ ಹುಟ್ಟಿದ ಮಗ ನೀನು, ಒಂದಿನ ಕೂತು ಹೂಂ ಅಂದಿದ್ದೀಯೇನೋ?"

ಗೋಡೆಗೆ ಅವಳು ಹೇಳುತ್ತಿದ್ದ ಕಥೆ ಒಂದೇ. ಒಬ್ಬ ದೈತ್ಯ ಇದ್ದನಂತೆ. ಎಷ್ಟು ನದಿ ಕುಡಿದರೂ ಅವನ ಬಾಯಾರಿಕೆ ಹಿಂಗಲಿಲ್ಲವಂತೆ. ಕಡೆಗೆ ನಮ್ಮ ಕೆರೆಯನ್ನು ಕುಡಿಯಲು ಬಂದ. ದಂಡೆಯಲ್ಲಿ ಒಬ್ಬಳು ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಓಡಲು ಅವಳಿಗೆ ಕಾಲಿನಲ್ಲಿ ಬಲವಿರಲಿಲ್ಲ, ಬಾಯಲ್ಲಿ ಮಾತಿತ್ತು. 'ಕುಡಿಯೋದು ಇದ್ದೇ ಇದೆ ಮಗನೇ, ಕೂತ್ಕೋ, ಒಂದು ಕಥೆ ಹೇಳ್ತೀನಿ' ಅಂದಳು. ದೈತ್ಯ ಕಾಲು ಮಡಚಿ ಕೂತ. ಹೂಂ ಅಂದ. ಕಥೆಯ ಹೊಟ್ಟೆಯಿಂದ ಕಥೆ ಹುಟ್ಟುತ್ತ ಹೋಯಿತು, ಕೂತವನ ಹೆಗಲ ಮೇಲೆ ಹುಲ್ಲು ಹುಟ್ಟಿತು, ತಲೆಯ ಮೇಲೆ ಮರ ಹುಟ್ಟಿತು. ಅವನೇ ನಮ್ಮ ಬೆಟ್ಟ. ಮುದುಕಿ ಸತ್ತ ಮೇಲೆ ಅವಳ ಮಗಳು, ಆ ಮಗಳ ಮಗಳು, ಯಾರಾದರೂ ಒಬ್ಬರು ಅವನಿಗೆ ಕಥೆ ಹೇಳುತ್ತಲೇ ಬಂದಿದ್ದಾರೆ. ಅವನು ಹೂಂ ಅನ್ನುತ್ತಿರುವವರೆಗೆ ಊರಿಗೆ ಭಯವಿಲ್ಲ.

"ಅನ್ನದಿದ್ದರೆ?" ಎಂದು ಚಿಕ್ಕವಳಿದ್ದಾಗ, ಇದೇ ಕಥೆಯನ್ನು ಅವಳು ನಮಗೆ ಹೇಳುವಾಗ, ನಾನು ಕೇಳಿದ್ದೆ.

"ಹೂಂ ಅನ್ನದವರು ಎರಡೇ ತರ ಪುಟ್ಟಿ. ನಿದ್ದೆ ಹೋದವರು, ಇಲ್ಲಾ ಎದ್ದು ಹೊರಟವರು."

ನಾನು ಕೆಲಸ ಮಾಡುವ ಲಾಂಡ್ರಿ ಕೆರೆಯ ಆಚೆ ದಂಡೆಯ ಬಯಲಿನಲ್ಲಿದೆ. ಲಾಡ್ಜುಗಳ ದುಪ್ಪಡಿ, ದಿಂಬಿನ ಚೀಲ, ಟವೆಲುಗಳು ಅಲ್ಲಿಗೆ ಬರುತ್ತವೆ. ಹೊರಗಿನಿಂದ ಬಂದವರು ಸರೋವರ ಅನ್ನುವುದನ್ನು ನಾವು ಕೆರೆ ಅನ್ನುತ್ತೇವೆ. ಒಂದು ಕಾಲದಲ್ಲಿ ಅದರ ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ಕೂತಿರುತ್ತಿತ್ತು, ಮೇಲಿನ ಬೆಟ್ಟ ಯಾವುದು ಕೆಳಗಿನದು ಯಾವುದು ಎಂದು ನಾನು ಮರೆತು ನಿಲ್ಲುತ್ತಿದ್ದೆ. ಈಗ ಕೆರೆಗೆ ಮುಖವಿಲ್ಲ. ದಪ್ಪನೆಯ ಹಸಿರು ಕೆನೆ. ಮೇಲಿನ ಮನೆಗಳ ಬಚ್ಚಲು, ಪಾಯಿಖಾನೆ ಗುಂಡಿ ಎಲ್ಲ ಇಳಿದು ಬಂದು ಸೇರುವುದು ಅಲ್ಲಿಗೇ. ಬೆಳಿಗ್ಗೆ ಪಂಪಿನ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಪಾಚಿ ಕೆರೆದು ತೆಗೆಯುವುದೇ ನನ್ನ ಮೊದಲ ಕೆಲಸ. ಕೆಲವು ದಿನ ಅದರಲ್ಲಿ ಹೊಟ್ಟೆ ಮೇಲಾದ ಮೀನುಗಳೂ ಇರುತ್ತಿದ್ದವು. ಎಷ್ಟು ಸೋಪು ಹಾಕಿದರೂ ಬಿಳಿ ದುಪ್ಪಡಿ ಬಿಳಿಯಾಗುವುದನ್ನೇ ಬಿಟ್ಟಿತ್ತು.

ಆ ದಿನವೂ ಒಂದು ಗಂಟು ವಾಪಸ್ಸು ಬಂದಿತ್ತು. ಇಸ್ತ್ರಿ ಮಾಡುವ ಚಿಕ್ಕಮ್ಮ, ಎಲ್ಲರೂ ಅವಳನ್ನು ಇಸ್ತ್ರಿ ಚಿಕ್ಕಮ್ಮ ಅಂತಲೇ ಕರೆಯುವುದು, ಒಂದು ದುಪ್ಪಡಿಯನ್ನು ಬೆಳಕಿಗೆ ಹಿಡಿದು ಮೂಸಿದಳು.

"ನೋಡೇ, ಕೆರೆ ಕಾಣೋ ಕೋಣೆ ಅಂತ ಬೋರ್ಡು ಹಾಕ್ಕೊಂಡಿದಾರೆ. ನಾವು ಕೆರೇನೇ ಮಂಚದ ಮೇಲೆ ಹಾಸಿ ಕಳಿಸಿದೀವಿ. ಅದಕ್ಕೂ ಕೊಂಕು!"

"ವಾಸನೆ ಬರುತ್ತಂತೆ ಚಿಕ್ಕಮ್ಮ."

"ಅವರದ್ದೇ ವಾಸನೆ ಅವರಿಗೆ ವಾಪಸ್ಸು. ಯಾವ ಲೋಕದಲ್ಲಿದೀಯೇ, ಮಡಿಕೆ ಓರೆ ಹೋಗ್ತಾ ಇದೆ ನೋಡು."

ನಾನು ಕಿಟಕಿಯಾಚೆ ಬೆಟ್ಟವನ್ನು ನೋಡುತ್ತಿದ್ದೆ. ತುಂಬಾ ದಿನ ಸುರಿದ ಮಳೆ ನಿಂತು ಬಿಸಿಲು ಬಂದಿತ್ತು. ಬಿಸಿಲಿನಲ್ಲಿ ಬೆಟ್ಟದ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ನಿಂತಂತೆ ಕಂಡವು. ತುದಿಯಲ್ಲಿ ಒಂದಿಷ್ಟು ಮರಗಳು ಉಳಿದಿದ್ದವು. ಆ ಮರಗಳು ನಿನ್ನೆ ನೇರವಾಗಿದ್ದವಲ್ಲ, ಇವತ್ತು ಯಾಕೆ ಕೆರೆಯ ಕಡೆ ಬಾಗಿ ನೋಡುತ್ತಿವೆ ಎಂದು ನನಗೆ ಅನ್ನಿಸಿತು. ಚಿಕ್ಕಮ್ಮನಿಗೆ ಹೇಳಿದರೆ ಬೈಯುತ್ತಾಳೆಂದು ಸುಮ್ಮನಾದೆ. ಆಮೇಲೆ ಪಂಪು ಪಾಚಿ ಕಚ್ಚಿ ನಿಂತುಹೋಯಿತು. ನೀರಿಲ್ಲದೆ ಒಗೆಯುವುದೇನು? ಯಜಮಾನರು ಇಸ್ತ್ರಿಗೆ ಚಿಕ್ಕಮ್ಮನನ್ನು ಉಳಿಸಿಕೊಂಡು ನಮ್ಮನ್ನು ಮಧ್ಯಾಹ್ನವೇ ಮನೆಗೆ ಬಿಟ್ಟರು.

ನಮ್ಮ ಓಣಿ ಎಂದರೆ ಮೆಟ್ಟಿಲುಗಳೇ. ಒಬ್ಬರ ಅಂಗಳ ಇನ್ನೊಬ್ಬರ ತಾರಸಿ. ಹತ್ತುವಾಗ ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ನಡುವೆ ಕೈಬೆರಳು ಹೋಗುವಷ್ಟು ಸೀಳು ಕಂಡಿತು. ಹಿಡಿದುಕೊಳ್ಳುವ ಕಬ್ಬಿಣದ ಕಂಬಿ ನಡುವಿನಲ್ಲಿ ಡೊಂಕಾಗಿತ್ತು. ಯಾರೋ ತಮ್ಮ ಜಗಲಿಯ ಬಿರುಕಿಗೆ ಹೊಸ ಸಿಮೆಂಟು ಮೆತ್ತಿದ್ದರು. ಆ ಹಸಿ ಸಿಮೆಂಟೂ ಆಗಲೇ ಬಿರಿದಿತ್ತು. ಏನೂ ಅಲ್ಲ, ಏನೂ ಅಲ್ಲ ಎಂದುಕೊಂಡು ಹತ್ತಿದೆ.

ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದ ಮೇಲೆ ತೆರೆಯಿತು. ಒಳಗೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಖಾಲಿ ತೊಟ್ಟಿಯ ಮುಂದೆ ನಿಂತಿದ್ದಳು. ಅವಳು ಹಸಿ ಬಾಣಂತಿ. ಭಾವ ಪ್ರವಾಸಿಗಳ ವ್ಯಾನು ಓಡಿಸುತ್ತಾರೆ, ದೂರ ಹೋಗಿದ್ದರು.

"ಬೆಳಿಗ್ಗೆಯಿಂದ ಒಂದು ತೊಟ್ಟು ನೀರಿಲ್ಲ ಕಣೇ. ಮಗೂದು ಬಟ್ಟೆ ಗುಡ್ಡೆ ಬಿದ್ದಿದೆ. ಮೇಲ್ಮನೆಯವಳೇ ಪೈಪು ಕತ್ತರಿಸಿ ತಿರುಗಿಸ್ಕೊಂಡಿದಾಳೆ ಅಂತ ಅಪ್ಪ ಜಗಳಕ್ಕೆ ಹೋಗಿದಾನೆ."

ಮೇಲ್ಮನೆ ಅತ್ತೆಯ ಅಂಗಳ ಸರಿಯಾಗಿ ನಮ್ಮ ತಲೆಯ ಮೇಲೆ. ಪ್ರವಾಸಿಗಳಿಗೆ ಬಾಡಿಗೆ ಕೊಡಲು ಅವಳು ಇನ್ನೊಂದು ಅಂತಸ್ತು ಏರಿಸುತ್ತಿದ್ದಳು, ಅದರ ಕೆಲಸವೂ ಅಪ್ಪನದೇ. ಅವರಿಬ್ಬರ ಕೂಗಾಟ ಚಾವಣಿಯನ್ನು ತೂರಿಕೊಂಡು ಬರುತ್ತಿತ್ತು.

"ನಿಮ್ಮ ನೀರು ನನಗ್ಯಾಕೆ ಮೇಸ್ತ್ರಿಗಳೇ? ನನ್ನ ಪಾಯಿಖಾನೆ ಗುಂಡಿನೇ ತುಂಬಿ ತುಳುಕ್ತಾ ಇದೆ, ಬೇಕಿದ್ರೆ ಅದನ್ನ ತುಂಬಿಸ್ಕೊಂಡು ಹೋಗಿ!"

"ಹಾಗಾದ್ರೆ ನನ್ನ ಒರತೆ ಎಲ್ಲಿ ಹೋಯ್ತು, ರೆಕ್ಕೆ ಬಂದು ಹಾರಿಹೋಯ್ತಾ?"

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಿನ ಕೋಣೆಗೆ ಹೋದೆ. ಮನೆಯಲ್ಲಿ ಅದೇ ಬೆಚ್ಚಗಿನ ಕೋಣೆಯೆಂದು ಅಕ್ಕನ ಹಾಸಿಗೆ, ಮಗುವಿನ ತೊಟ್ಟಿಲು, ಅಜ್ಜಿಯ ಮಂಚ ಎಲ್ಲವೂ ಅಲ್ಲೇ ಇದ್ದವು, ಬೆಟ್ಟದ ಗೋಡೆಗೆ ಆತುಕೊಂಡು. ಮಗು ಮುಷ್ಟಿ ಕಟ್ಟಿ ನಿದ್ದೆ ಮಾಡುತ್ತಿತ್ತು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಪುಟ್ಟಿಯಾ? ಬಾ ಇಲ್ಲಿ. ಬೆಳಿಗ್ಗೆಯಿಂದ ಗಂಟಲು ಹರಕೊಂಡೆ. ಒಂದು ಹೂಂ ಇಲ್ಲ ಕಣೇ."

"ನಿದ್ದೆ ಹೋಗಿರಬೇಕು ಅಜ್ಜಿ," ಎಂದೆ.

ಅಜ್ಜಿ ತಲೆಯಾಡಿಸಿದಳು. ಮೆಲ್ಲನೆ, ಮಗುವಿಗೆ ಕೇಳಿಸಬಾರದೆಂಬಂತೆ ಹೇಳಿದಳು: "ರಾಜ ತನ್ನ ತಲೇನೇ ತಿಂದ ಅಂತಲೂ ಹೇಳಿ ನೋಡಿದೆ. ನಿದ್ದೇಲಿರೋನು ಅದಕ್ಕೂ ಹೂಂ ಅಂತಾನೆ. ಇವನು ಅನ್ನಲಿಲ್ಲ. ಇವನು ಎಚ್ಚರವಾಗಿದಾನೆ."

ಗೋಡೆಯ ಮೇಲೆ ಅಂಗೈ ಇಟ್ಟೆ. ಅಪ್ಪ ಮಟ್ಟಗೋಲು ಹಿಡಿದು ನುಣ್ಣಗೆ ತೀಡಿದ ಗೋಡೆ ತೊಟ್ಟಿಲ ಮೇಲ್ಗಡೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಕಿವಿ ಹಚ್ಚಿದೆ. ನೀರಿನ ಸದ್ದಿಲ್ಲ. ಅದರ ಬದಲಿಗೆ, ಬಹಳ ಒಳಗೆ, ನನಗೆ ಚೆನ್ನಾಗಿ ಗೊತ್ತಿರುವ ಒಂದು ಸದ್ದಿತ್ತು. ಜೀರ್ಣವಾದ ದುಪ್ಪಡಿಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುವಾಗ, ಹರಿದುಹೋಗುವ ಮುಂಚೆ ನೂಲು ನೂಲೇ ಬಿಟ್ಟುಕೊಳ್ಳುತ್ತದಲ್ಲ, ಆ ಸದ್ದು. ಟಿಕ್. ಟಿಕ್. ಮತ್ತೆ ಟಿಕ್. ಲಾಂಡ್ರಿಯಲ್ಲಿ ಆ ಸದ್ದು ಕೇಳಿದರೆ ಇಬ್ಬರೂ ಕೈ ಸಡಿಲಿಸುತ್ತೇವೆ. ಇಲ್ಲಿ ಕೈ ಸಡಿಲಿಸುವವರು ಯಾರು?

"ಅಕ್ಕಾ, ಮಗೂನ ಎತ್ಕೋ. ಕೆಳಗೆ ಹೋಗೋಣ."

"ಯಾಕೇ?"

"ಗೋಡೆ ಹೂಂ ಅಂತಿಲ್ಲ."

ಅಕ್ಕ ನನ್ನನ್ನೇ ನೋಡಿದಳು. "ಶುರುವಾಯ್ತಾ ನಿನ್ನ ಅಡಗೂಲಜ್ಜಿ ಕಥೆ? ಬಾಣಂತಿ ಈ ಚಳೀಲಿ ಮೆಟ್ಟಿಲಿಳೀಬೇಕಂತೆ, ಯಾಕಂದ್ರೆ ಗೋಡೆ ಮಾತಾಡ್ತಿಲ್ಲವಂತೆ! ಈಗ ತಾನೇ ಕಷ್ಟಪಟ್ಟು ಮಲಗಿಸಿದೀನಿ, ಮುಟ್ಟಿದ್ರೆ ನೋಡು."

"ಗೋಡೆ ಉಬ್ಬಿದೆ ಅಕ್ಕಾ, ಒಳಗೆ ಏನೋ ಹರೀತಾ ಇದೆ—"

"ಅಪ್ಪ ಬರಲಿ, ಕೆತ್ತಿ ಬಳೀತಾನೆ. ಹೋಗು, ಟ್ಯಾಂಕರ್ ಬಂದಿದೆಯಾ ನೋಡ್ಕೊಂಡು ಬಾ, ಮರೆಗುಳಿ."

ನನ್ನ ಬಳಿ ಇನ್ನೇನು ವಾದವಿತ್ತು? ಚಿಕ್ಕಂದಿನಿಂದ ಮೋಡದಲ್ಲಿ ಆನೆ ಕಂಡವಳು, ಕೆರೆಯಲ್ಲಿ ಅರಮನೆ ಕಂಡವಳು. ನನ್ನ ಮಾತಿಗೆ ಈ ಮನೆಯಲ್ಲಿ ತೂಕವಿರಲಿಲ್ಲ. ತೂಕವಿದ್ದುದು ಒಂದಕ್ಕೇ, ತೊಟ್ಟಿಲಲ್ಲಿ ಮಲಗಿದ್ದ ಆ ಕೂಸಿಗೆ. ಅಕ್ಕ ಅಡುಗೆಮನೆಗೆ ತಿರುಗಿದ್ದೇ ತಡ, ಕಂಬಳಿ ಸಮೇತ ಮಗುವನ್ನು ಬಾಚಿಕೊಂಡು ಹೊರಗೆ ಓಡಿದೆ.

"ಏ! ಏಯ್! ಹುಚ್ಚಿ! ಮಗು ಕೊಡೇ!"

ಬರಿಗಾಲಿನಲ್ಲಿ ಅಕ್ಕ ಹಿಂದೆಯೇ ಬಂದಳು. ಅದೇ ನನಗೆ ಬೇಕಾಗಿದ್ದುದು. ಮಗು ಕಿರುಚುತ್ತಿತ್ತು, ಅಕ್ಕ ಕಿರುಚುತ್ತಿದ್ದಳು, "ಇಳೀರಿ, ಎಲ್ಲಾ ಇಳೀರಿ, ಬೆಟ್ಟ ಬರ್ತಾ ಇದೆ" ಎಂದು ನಾನೂ ಕಿರುಚುತ್ತಿದ್ದೆ. ಕಿಟಕಿಗಳಲ್ಲಿ ತಲೆಗಳು ಕಂಡವು. ಕೆಲವರು ನಕ್ಕರು. ಕೆಲವರು ಮಗುವಿಗೆ ಏನಾಯಿತೋ ಎಂದು ಹೆದರಿ ನಮ್ಮ ಹಿಂದೆ ಇಳಿದು ಬಂದರು. ಕೆರೆ ಸುತ್ತಿ ಲಾಂಡ್ರಿಯ ಅಂಗಳ ಮುಟ್ಟಿದಾಗ ಅಕ್ಕ ನನ್ನ ಜಡೆ ಹಿಡಿದು ನಿಲ್ಲಿಸಿ, ಮಗುವನ್ನು ಕಸಿದುಕೊಂಡು, ಕೆನ್ನೆಗೆ ಛಟೀರೆಂದು ಬಿಟ್ಟಳು. ಇಸ್ತ್ರಿ ಚಿಕ್ಕಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು.

"ಇನ್ನೊಂದು ಹೊಡಿ," ಎಂದೆ, "ಆದರೆ ಮೇಲೆ ಹೋಗಬೇಡ." ಮತ್ತೆ ಹಿಂದಕ್ಕೆ ಓಡಿದೆ. ಅಜ್ಜಿ ಅಲ್ಲೇ ಇದ್ದಳು.

ಅರ್ಧ ಹತ್ತುವಷ್ಟರಲ್ಲಿ ಅಪ್ಪನ ದನಿ ಕೇಳಿಸಿತು. ಜಗಳದ ದನಿಯಲ್ಲ. ಅಂಥ ದನಿ ಅಪ್ಪನ ಗಂಟಲಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಮೇಲ್ಮನೆಯ ಹೊಸ ಕಂಬಕ್ಕಾಗಿ ಬೆಳಿಗ್ಗೆ ಅವನೇ ಒಂದು ಗುಂಡಿ ತೋಡಿ, ಗುದ್ದಲಿಯನ್ನು ಅದರಲ್ಲೇ ಬಿಟ್ಟಿದ್ದ. ಜಗಳದ ಮಧ್ಯೆ ಅದನ್ನು ತೆಗೆದುಕೊಳ್ಳಲು ಹೋದರೆ ಗುಂಡಿಯ ಎರಡು ದಡಗಳೂ ಕೂಡಿಕೊಂಡಿದ್ದವು. ಗುದ್ದಲಿಯ ಕಾವು ಮಾತ್ರ ಹೊರಗಿತ್ತು. ಎಳೆದರೆ ಯಾರೋ ಒಳಗಿಂದ ಹಿಡಿದುಕೊಂಡಂತೆ ಬಿಡಲಿಲ್ಲವಂತೆ. ಅಪ್ಪ ಮೇಲ್ಮನೆ ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡು ಮೆಟ್ಟಿಲಿಳಿಯುತ್ತ, ಸಿಕ್ಕ ಸಿಕ್ಕ ಬಾಗಿಲನ್ನು ಗುದ್ದುತ್ತ ಬರುತ್ತಿದ್ದ. ನನ್ನನ್ನು ಕಂಡು ಒಂದೇ ಮಾತು ಕೇಳಿದ: "ಮಗು?"

"ಕೆಳಗಿದೆ. ಅಕ್ಕಾನೂ. ಅಜ್ಜಿ ಒಳಗೆ."

ಹಿಂದಿನ ಕೋಣೆಯ ಬಾಗಿಲು ಈಗ ಅಲುಗಲೇ ಇಲ್ಲ. ಅಪ್ಪ ಒದ್ದ. ಇನ್ನೊಮ್ಮೆ ಒದ್ದಾಗ ಹಲಗೆ ಸೀಳಿತು. ಒಳಗೆ ತೊಟ್ಟಿಲ ಮೇಲೆ ಗಾರೆಯ ಚಕ್ಕೆಗಳು ಉದುರಿ ಬಿದ್ದಿದ್ದವು. ಕಂಬಳಿಯಿದ್ದ ಜಾಗದಲ್ಲಿ ಒಂದು ಕಲ್ಲು, ಮಗುವಿನ ಹಾಗೆಯೇ ಮಗ್ಗುಲಾಗಿ ಮಲಗಿತ್ತು.

ಅಜ್ಜಿ ಮಂಚದ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಥೆ ಹೇಳುತ್ತಲೇ ಇದ್ದಳು. ಅಪ್ಪ ಕೈ ಬಿಡಿಸಲು ಹೋದ.

"ಬಿಡೋ! ನಾನು ನಿಲ್ಲಿಸಿದ್ರೆ ಅವನು ಎದ್ದೇಬಿಡ್ತಾನೆ. ಮಕ್ಕಳನ್ನ ಕರ್ಕೊಂಡು ನೀನು ಹೋಗು. ನಾನು ಹೇಳ್ತಾ ಕೂತಿರ್ತೀನಿ."

"ಅಮ್ಮಾ, ಅವನು ಕೇಳಿಸ್ಕೊಳ್ತಾ ಇಲ್ಲಮ್ಮಾ."

"ಹೇಗೆ ಕೇಳಿಸ್ಕೊಳ್ತಾನೆ? ಕಿವಿಗೆ ಸಿಮೆಂಟು ಗಿಡಿದೋನು ನೀನು!"

ಅಪ್ಪನ ಮುಖ ನೋಡಲಾಗಲಿಲ್ಲ. ಅವನು ಮಂಚದ ಪಕ್ಕ ಮಂಡಿಯೂರಿದ. ಗಾರೆ ಹತ್ತಿದ ಕೈಯಿಂದ ಅವಳ ಕೈ ಹಿಡಿದ. "ನನಗೆ ಹೇಳಮ್ಮಾ. ನಾನು ಹೂಂ ಅಂತೀನಿ."

"ನೀನಾ?"

"ಹೂಂ."

ಮಂಚದ ಕಾಲು ಹಿಡಿದ ಬೆರಳುಗಳು ಸಡಿಲವಾದವು. ಅಪ್ಪ ಅವಳನ್ನು ಬೆನ್ನಿಗೆ ಹಾಕಿಕೊಂಡು ಹೊರಬಿದ್ದ. ನಾನು ಹಿಂದಿನಿಂದ ಅವಳ ಸೊಂಟಕ್ಕೆ ಕೈ ಕೊಟ್ಟು ಇಳಿದೆ. ಕಾಲ ಕೆಳಗೆ ಮೆಟ್ಟಿಲುಗಳು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಅಜ್ಜಿ ಅಪ್ಪನ ಕಿವಿಗೆ ಬಾಯಿಟ್ಟು ಹೇಳುತ್ತಿದ್ದಳು, ದೈತ್ಯ ಬಂದ, ಹೂಂ, ಕಾಲು ಮಡಚಿ ಕೂತ, ಹೂಂ, ಹೆಗಲ ಮೇಲೆ ಹುಲ್ಲು ಬಂತು, ಹೂಂ. ಅಪ್ಪ ಏದುಸಿರು ಬಿಡುತ್ತಿದ್ದ. ಓಣಿಯ ಜನ ಮಕ್ಕಳನ್ನು ಹೊತ್ತು, ಮುದುಕರನ್ನು ಹೊತ್ತು ನಮ್ಮ ಮುಂದೆಯೂ ಹಿಂದೆಯೂ ಇಳಿಯುತ್ತಿದ್ದರು.

"ಆಗ ರಾಜ ತನ್ನ ತಲೇನೇ ಕುಯ್ದು, ಹುರಿದು, ತಾನೇ ತಿಂದ."

"ಹೂಂ," ಎಂದ ಅಪ್ಪ.

ಆ ಗಾಬರಿಯಲ್ಲೂ ಅಜ್ಜಿ ಅವನ ಕಿವಿ ಹಿಂಡಿದಳು. "ನೀನೂ ಕಳ್ಳನೇ."

ನಾವು ಕೆರೆಯ ಕಟ್ಟೆ ದಾಟಿ ಲಾಂಡ್ರಿಯ ಅಂಗಳಕ್ಕೆ ಕಾಲಿಟ್ಟಾಗ ಹಕ್ಕಿಗಳ ಸದ್ದು ನಿಂತಿತು. ತಿರುಗಿ ನೋಡಿದೆ. ನಾನು ಎಣಿಸಿದ್ದ ಹಾಗೆ ಗುಡುಗಿನಿಂದ ಶುರುವಾಗಲಿಲ್ಲ. ಬೆಟ್ಟದ ತುದಿಯ ಮರಗಳು ನಿಂತ ನಿಲುವಿನಲ್ಲೇ, ಯಾರೋ ಕರೆದರೆಂಬಂತೆ, ಕೆಳಗೆ ನಡೆದು ಬರತೊಡಗಿದವು. ಮೇಲ್ಮನೆ ಮುಂದಕ್ಕೆ ಜಾರಿ ನಮ್ಮ ಮನೆಯ ಮೇಲೆ ಕೂತಿತು. ಒಂದು ಗಳಿಗೆ ಎರಡೂ ಹಾಗೆಯೇ ನಿಂತಿದ್ದವು. ಆಮೇಲೆ ಸದ್ದು ಬಂತು. ಆ ಸದ್ದಿನೊಳಗೆ ನಮ್ಮ ಓಣಿ ಕಾಣದಾಯಿತು. ಕೆರೆ ಕಂದು ಬಣ್ಣಕ್ಕೆ ತಿರುಗಿ ಎದ್ದು ಬಂದು, ಅಂಗಳದ ಅಂಚಿನಲ್ಲಿ ಒಣಹಾಕಿದ್ದ ದುಪ್ಪಡಿಗಳನ್ನು ಸೊಂಟದ ಎತ್ತರಕ್ಕೆ ಒದ್ದೆ ಮಾಡಿ ಹಿಂದಕ್ಕೆ ಹೋಯಿತು.

ಲಾಂಡ್ರಿಯ ಒಳಗೆ, ಮಡಿಸಿಟ್ಟ ಬಟ್ಟೆಗಳ ಅಟ್ಟಿಗಳ ನಡುವೆ ನಾವು ಕೂತೆವು. ಇಸ್ತ್ರಿ ಚಿಕ್ಕಮ್ಮ ವಾಪಸ್ಸು ಬಂದ ದುಪ್ಪಡಿಗಳನ್ನೆಲ್ಲ ಬಿಚ್ಚಿ ನಡುಗುವವರಿಗೆ ಹೊದಿಸುತ್ತಿದ್ದಳು. ನಮ್ಮ ಓಣಿಯವರು ಒಬ್ಬರ ಹೆಸರೊಬ್ಬರು ಕೂಗಿ, ಉತ್ತರ ಬರುವವರೆಗೆ ಉಸಿರು ಬಿಗಿಹಿಡಿದಿದ್ದರು. ನಮ್ಮವರೆಲ್ಲರ ಉತ್ತರ ಬಂತು. ಆಚೆ ಓಣಿಯ ಕೆಲವು ಹೆಸರುಗಳನ್ನು ಮತ್ತೆ ಮತ್ತೆ ಕೂಗುತ್ತಲೇ ಇದ್ದರು. ಮೇಲ್ಮನೆ ಅತ್ತೆ ಮೂಲೆಯಲ್ಲಿ ಕೂತು ಕೈಯಲ್ಲಿದ್ದ ಕೀಲಿಗೊಂಚಲನ್ನು ನೋಡುತ್ತಿದ್ದಳು.

"ಎದ್ದನೇನೋ?" ಎಂದು ಅಜ್ಜಿ ಕೇಳಿದಳು. ಅವಳ ಗಂಟಲು ಕಟ್ಟಿಹೋಗಿತ್ತು.

"ಎದ್ದ ಅಮ್ಮಾ," ಎಂದ ಅಪ್ಪ. "ಎಲ್ಲಾ ಮುಗೀತು."

ಅಜ್ಜಿ ಬೆಟ್ಟದ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಆಲಿಸಿದಳು. ಅಲ್ಲಿ ಉಳಿದ ಬೆಟ್ಟವಿತ್ತು, ಅದರ ಮೇಲೆ ಉಳಿದ ಮನೆಗಳಿದ್ದವು, ಕತ್ತಲಾಗುತ್ತಿದ್ದಂತೆ ಕೆಲವು ಕಿಟಕಿಗಳಲ್ಲಿ ದೀಪ ಹತ್ತುತ್ತಿತ್ತು.

"ಇಲ್ಲ ಕಣೋ," ಎಂದಳು. "ಪಾಪ, ಕಾಲು ಮಡಚಿಕೊಂಡೇ ಕೂತಿದ್ದ. ಒಂದು ಕಾಲು ನೀಡಿದ, ಅಷ್ಟೆ."

ಅಪ್ಪ ಎದ್ದು ಬಾಗಿಲಿಗೆ ಹೋದ. ಬಾಯಿಗೆ ಕೈ ಅಡ್ಡ ಹಿಡಿದು ಆ ದೀಪಗಳ ಕಡೆಗೆ "ಇಳೀರಿ" ಎಂದು ಕೂಗತೊಡಗಿದ. ಇನ್ನಿಬ್ಬರು ಹೋಗಿ ಅವನ ಪಕ್ಕ ನಿಂತು ಕೂಗಿದರು.

ಅಜ್ಜಿ ನನ್ನ ಕೈ ಹುಡುಕಿ ಹಿಡಿದಳು. "ನನಗೆ ದನಿ ಇಲ್ಲ ಪುಟ್ಟಿ. ಅವರು ಇಳಿಯೋವರೆಗೆ ನೀನು ಹೇಳು."

"ಒಬ್ಬ ದೈತ್ಯ ಇದ್ದನಂತೆ," ಎಂದೆ.

ಅಕ್ಕ ಮಗುವನ್ನು ಎದೆಗೆ ಅವುಚಿಕೊಂಡು ಎದುರಿಗೇ ಕೂತಿದ್ದಳು. ನನ್ನ ಕೆನ್ನೆಯ ಮೇಲೆ ಅವಳ ಬೆರಳಿನ ಗುರುತು ಇನ್ನೂ ಉರಿಯುತ್ತಿತ್ತು. ಮೊದಲು ಹೂಂ ಎಂದವಳು ಅವಳೇ. ಆಮೇಲೆ ಚಿಕ್ಕಮ್ಮ ಅಂದಳು, ಮೇಲ್ಮನೆ ಅತ್ತೆ ಅಂದಳು. ಒಂದೊಂದು ಮಾತಿಗೂ ಇಡೀ ಲಾಂಡ್ರಿ ಹೂಂಗುಟ್ಟುತ್ತಿತ್ತು. ಹೂಂಗುಟ್ಟಿದ ಮೇಲೆ ಎಲ್ಲರೂ ಉಸಿರು ಹಿಡಿದು ಹೊರಗೆ ಕಿವಿಗೊಡುತ್ತಿದ್ದರು, ಇನ್ನೊಂದು ಹೂಂ ಬರಬಹುದೆಂದು. ಬರದಿದ್ದಾಗ ನಾನು ಮುಂದಿನ ಮಾತು ಹೇಳುತ್ತಿದ್ದೆ.